ಬೆಟ್ಟದಿಂದ ಕಡಲಿಗೆ: ಒಂದು ಬೇಸಿಗೆ ಬಿಡಾರದ ಲೆಕ್ಕ



ದತ್ತಿ ಉಪನ್ಯಾಸ ಅಂದರೆ ಶಾಸನ ಇರಬೇಕು, ಇಲ್ಲವೇ ಸಾಹಿತ್ಯ ಇರಬೇಕು. ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆಯಲ್ಲಾದರೆ ಚಿನ್ನವಂತೂ ಇರಲೇಬೇಕು. ಆಹ್ವಾನ ಪತ್ರಿಕೆಯಲ್ಲಿ ವಿಷಯ ನೋಡಿದ ಸ್ನೇಹಿತರೊಬ್ಬರು ಫೋನು ಮಾಡಿ, "ಏನ್ರೀ, ಬೇಸಿಗೆ ಟೂರಿನ ಮೇಲೆ ಭಾಷಣವಾ? ಗಣಿ ಮುಚ್ಚಿ ಊರು ಒಣಗಿ ಕೂತಿದೆ, ನೀವು ಬೀಚು ಅಂತೀರಲ್ಲ" ಎಂದರು. ಅವರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೆ ಫೋನಿನಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತೇನೆ.

ಮೊದಲು ಒಂದು ಕಳೆಯುವ ಲೆಕ್ಕ. ಕೆಜಿಎಫ್ ಇರುವುದು ಸಮುದ್ರ ಮಟ್ಟದಿಂದ ಹೆಚ್ಚೂಕಡಿಮೆ 900 ಮೀಟರ್ ಎತ್ತರದಲ್ಲಿ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ನೆಲದಿಂದ ಕೆಳಕ್ಕೆ ಸುಮಾರು 3,200 ಮೀಟರ್ ಇಳಿದಿತ್ತು. ಒಂದರಲ್ಲಿ ಇನ್ನೊಂದನ್ನು ಕಳೆದರೆ, ನಮ್ಮ ಜನ ಕಡಲ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ ಹೋಗಿ ಪಾಳಿ ಮುಗಿಸಿ ಬರುತ್ತಿದ್ದರು ಎಂದಾಯಿತು. ಆ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಷ್ಟು ಕೆಳಗೆ ಇಳಿದವರಿಗೆ ಕಡಲು ಮಾತ್ರ ಕಾಣಲಿಲ್ಲ. ಅದನ್ನು ನೋಡಲು ಮೇಲೆ ಬಂದು, ಮೈ ತೊಳೆದು, ರಜೆ ಕೇಳಿ, ಘಟ್ಟ ಇಳಿದು, ಪೂರ್ವಕ್ಕೆ ಇನ್ನೂರೈವತ್ತು ಕಿಲೋಮೀಟರಿನಷ್ಟು ಹೋಗಬೇಕಿತ್ತು. ಉತ್ತರ ಆರ್ಕಾಟಿನಿಂದಲೂ ಸೇಲಂನಿಂದಲೂ ಚಿತ್ತೂರು ಕಡೆಯಿಂದಲೂ ಕೂಲಿಗೆ ಬಂದು ಲೈನ್ ಮನೆಗಳಲ್ಲಿ ನೆಲೆಯಾದ ಕುಟುಂಬಗಳಿಗೆ ಮದ್ರಾಸೆಂಬುದು ಹಬ್ಬಕ್ಕೆ ಸೀರೆ ತರುವ ಊರು, ಕಾಯಿಲೆಗೆ ದೊಡ್ಡಾಸ್ಪತ್ರೆಯ ಊರು, ಮೇ ತಿಂಗಳಲ್ಲಿ ಕಡಲಿನ ಊರು.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆಮೇಲೆ ನಮ್ಮ ದಿಕ್ಕು ಬದಲಾಯಿತು. ಈಗ ಮಾರಿಕುಪ್ಪದಿಂದ ಬೆಳಗಿನ ಜಾವ ಹೊರಡುವ ರೈಲು ಜನರನ್ನು ತುಂಬಿಕೊಂಡು ಪಶ್ಚಿಮಕ್ಕೆ, ಬೆಂಗಳೂರಿಗೆ ಓಡುತ್ತದೆ. ರಾತ್ರಿ ಅದೇ ಜನರನ್ನು ತಂದು ಇಳಿಸುತ್ತದೆ. ದುಡಿಮೆಯ ದಿಕ್ಕು ಪಶ್ಚಿಮ. ಸುಮ್ಮನೆ ಹೋಗುವ ದಿಕ್ಕು ಮಾತ್ರ ಇನ್ನೂ ಪೂರ್ವವೇ. ಈ ಸುಮ್ಮನೆ ಹೋಗುವುದು ಹಗುರವಾದ ವಿಷಯವಲ್ಲ ಎಂದು ನನಗೆ ಅನ್ನಿಸಿದ್ದರಿಂದಲೇ ಇದನ್ನು ಆರಿಸಿಕೊಂಡೆ.

ನಮ್ಮ ಕಡೆಯ ಬೇಸಿಗೆ ಪ್ರವಾಸ ಹೇಗೆ ನಡೆಯುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಅಚ್ಚಿನಲ್ಲಿ ಉಳಿಯಲಿ ಎಂದು ಹೇಳುತ್ತೇನೆ. ಪರೀಕ್ಷೆ ಮುಗಿಯುತ್ತಿದ್ದಂತೆ ಬೀದಿಗೊಬ್ಬರು ಮುಂದಾಳು ಹುಟ್ಟಿಕೊಳ್ಳುತ್ತಾರೆ. ತಲೆಗಿಷ್ಟು ಎಂದು ದುಡ್ಡು ಕೂಡಿಸಿ ಟೆಂಪೋ ಟ್ರಾವೆಲರ್ ಗೊತ್ತು ಮಾಡುತ್ತಾರೆ. ಸೀಟಿಗಿಂತ ಜನ ಜಾಸ್ತಿ, ಮಕ್ಕಳು ಲೆಕ್ಕಕ್ಕಿಲ್ಲ. ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ, ಮೊಸರನ್ನ. ಎರಡನೇ ದಿನದಿಂದ ಬಿಸಿ ಅಡುಗೆ. ಹಾಗಾಗಿ ಗಾಡಿಯ ಹಿಂಭಾಗದಲ್ಲಿ ಗ್ಯಾಸ್ ಸಿಲಿಂಡರು, ಎರಡು ಬರ್ನರಿನ ಸ್ಟವ್, ಹಿತ್ತಾಳೆ ಹಂಡೆಯಲ್ಲದಿದ್ದರೂ ಅಷ್ಟೇ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಅಕ್ಕಿ, ರಾಗಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು, ಮನೆಯಲ್ಲೇ ಕುಟ್ಟಿದ ಸಾರಿನಪುಡಿ. ಮೇಲೆ ಚಾಪೆ, ಜಮಖಾನ, ಒಂದು ನೀಲಿ ಟಾರ್ಪಾಲು. ಹೋಟೆಲ್ ಕೋಣೆಯ ಮಾತೇ ಇಲ್ಲ. ಮರದ ಕೆಳಗೆ ಅಡುಗೆ, ಛತ್ರವೋ ಪೆಟ್ರೋಲ್ ಬಂಕಿನ ಅಂಗಳವೋ ಸಿಕ್ಕಲ್ಲಿ ನಿದ್ದೆ. ಇತ್ತೀಚೆಗೆ ಬೆಂಗಳೂರಿನ ಹುಡುಗರು ಡೇರೆ ಕೊಂಡು, ಕಾರಿನ ಮೇಲೆ ಕಟ್ಟಿಕೊಂಡು ಹೊರಟು, ಅದಕ್ಕೆ ಕ್ಯಾಂಪಿಂಗ್ ಎಂದು ಹೆಸರಿಟ್ಟು ಫೋಟೊ ಹಾಕುತ್ತಾರೆ. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಮುನಿಸ್ವಾಮಿ ಬೀದಿಯವರೋ ಮಸ್ಜಿದ್ ಬೀದಿಯವರೋ ಅದನ್ನೇ ಮಾಡಿದಾಗ ಅದು ಬಡವರ ಪ್ರವಾಸ, ಕಸ ಹಾಕುವವರ ಪ್ರವಾಸ ಎಂದು ಮೂಗು ಮುರಿಯುವುದಕ್ಕೆ ಮಾತ್ರ ನನ್ನ ತಕರಾರು.

ಇದೊಂದು ವಿದ್ಯೆ. ಕಡಲ ದಂಡೆಯಲ್ಲಿ ರಾಗಿಮುದ್ದೆ ತಿರುವುವುದನ್ನು ನೋಡಿದವರಿಗೆ ಅದು ಗೊತ್ತು. ಎಸರು ಕುದಿಯುವಾಗ ಕಡಲಗಾಳಿಗೆ ಬೆಂಕಿ ಒಂದೇ ಪಕ್ಕಕ್ಕೆ ವಾಲುತ್ತದೆ. ಹಿಟ್ಟು ಆ ಕಡೆ ಬೆಂದರೆ ಈ ಕಡೆ ಗಂಟು. ಅದಕ್ಕೆ ಡ್ರೈವರನಿಗೆ ಹೇಳಿ ಗಾಡಿಯನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸುತ್ತಾರೆ. ಸಾಲದೆ ಬಂದರೆ ತೆರೆದ ಬಾಗಿಲಿಗೆ ಜಮಖಾನ ಕಟ್ಟುತ್ತಾರೆ. ಒಬ್ಬಾಕೆ ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದರೆ ಇನ್ನೊಬ್ಬಾಕೆ ಕೋಲು ತಿರುವುತ್ತಾಳೆ. ಮೂರನೆಯವಳ ಕೆಲಸ ಒಂದೇ, ಮರಳು ಹಾರಿ ಬೀಳದಂತೆ ತಟ್ಟೆ ಅಡ್ಡ ಹಿಡಿಯುವುದು. ಬೇಳೆ ಸಾರಿನ ಕಷ್ಟ ಬೇರೆ. ಕಡಲ ಪಕ್ಕದ ಬೋರ್‌ವೆಲ್ ನೀರು ಉಪ್ಪು. ಅದರಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗುವುದಿಲ್ಲ. ಕೋಲಾರದ ಗಡಸು ನೀರಿಗೆ ಪಳಗಿದ ಬೇಳೆಯೂ ಅಲ್ಲಿ ಸೋಲುತ್ತದೆ. ಅದಕ್ಕೇ ತಿಳಿದವರು ಬೇಳೆಯನ್ನು ಮನೆಯಲ್ಲೇ ಬೇಯಿಸಿ, ನೀರು ಬಸಿದು, ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಇಲ್ಲವೇ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ಹೋಗುತ್ತಾರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಈಗ ಹೇಳಿದ್ದರಲ್ಲಿ ಗಂಡಸು ಬಂದದ್ದು ಡ್ರೈವರ್ ಒಬ್ಬನೇ. ಉಳಿದವರು ಅಷ್ಟು ಹೊತ್ತು ಅಲೆಯಲ್ಲಿರುತ್ತಾರೆ. ಮನೆಯ ಒಲೆಯನ್ನು ಕಡಲ ದಂಡೆಗೆ ಸಾಗಿಸಿದ್ದೇವೆ, ಒಲೆಯ ಮುಂದೆ ಕೂರುವವರನ್ನು ಬದಲಾಯಿಸಿಲ್ಲ. ಈ ಪ್ರವಾಸವನ್ನು ಹೊಗಳುವವರು, ನಾನೂ ಸೇರಿ, ಇದನ್ನು ಮರೆಮಾಚಬಾರದು.

ಇನ್ನು ಚರಿತ್ರೆಗೆ ಬರುತ್ತೇನೆ. ಬೇಸಿಗೆ, ಬಿಡಾರ, ಕಡಲ ನಗರ ಈ ಮೂರೂ ನಮ್ಮ ತಾಲ್ಲೂಕಿನ ಒಬ್ಬನ ಬದುಕಿನಲ್ಲಿ ಒಟ್ಟಿಗೆ ಬಂದದ್ದು 1769ರಲ್ಲಿ. ಇಲ್ಲಿಂದ ಕೂಗಳತೆ ದೂರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಮೊದಲ ಮೈಸೂರು ಯುದ್ಧದ ಕೊನೆಗೆ, ಸುಮಾರು ಆರು ಸಾವಿರ ಕುದುರೆ ಸವಾರರನ್ನು ಆರಿಸಿಕೊಂಡು, ತೋಪು ಗಾಡಿಗಳ ಹೊರೆಯನ್ನೆಲ್ಲ ಹಿಂದೆ ಬಿಟ್ಟು, ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದ್ರಾಸಿನ ಬಾಗಿಲಿಗೆ ಬಂದ. ಬಿಡಾರ ಹೂಡಿದ್ದು ಸೇಂಟ್ ಥಾಮಸ್ ಮೌಂಟ್ ಎಂಬ ಗುಡ್ಡದ ಹತ್ತಿರ. ತಮಿಳಿನಲ್ಲಿ ಅದು ಪರಂಗಿಮಲೈ. ಈಗ ಅದರ ಪಕ್ಕದಲ್ಲೇ ವಿಮಾನ ನಿಲ್ದಾಣ, ಕೆಳಗೆ ಮೆಟ್ರೋ. ಕೋಟೆಯೊಳಗಿದ್ದ ಈಸ್ಟ್ ಇಂಡಿಯಾ ಕಂಪನಿಯವರು ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು: ಗೆದ್ದದ್ದನ್ನು ಪರಸ್ಪರ ಹಿಂದಿರುಗಿಸುವುದು, ಯಾರ ಮೇಲೆ ದಾಳಿಯಾದರೂ ಇನ್ನೊಬ್ಬರು ನೆರವಿಗೆ ಬರುವುದು. ಮರಾಠರು ಮೇಲೆ ಬಿದ್ದಾಗ ಕಂಪನಿ ಆ ಮಾತು ನಡೆಸಲಿಲ್ಲ, ಹೈದರ್ ಅದನ್ನು ಮರೆಯಲೂ ಇಲ್ಲ. ಆತ ತೀರಿಕೊಂಡದ್ದೂ ಇದೇ ದಾರಿಯಲ್ಲಿ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ.

ಹೈದರನ ಬಿಡಾರ ಪ್ರವಾಸವಲ್ಲ ಎಂದು ಯಾರಾದರೂ ಹೇಳಬಹುದು. ಸರಿಯೇ. ಆದರೆ ಅದರಿಂದ ಒಂದು ವಿಷಯ ತಿಳಿಯುತ್ತದೆ. ಹೊರೆ ಇಲ್ಲದವನು ಬೇಗ ಹೋಗಬಲ್ಲ, ಆದರೆ ಹೋದ ಮೇಲೆ ನಿಲ್ಲಲು ಅವನಿಗೊಂದು ಜಾಗ ಬೇಕು: ನೀರಿರುವ, ಎತ್ತರವಿರುವ, ಊರಿಗೆ ಹತ್ತಿರವಿದ್ದೂ ಊರಿನ ಹಂಗಿಲ್ಲದ ಜಾಗ. ಪರಂಗಿಮಲೈ ಅಂಥದ್ದು. ಅದಕ್ಕೇ ಮುಂದೆ ಇನ್ನೊಬ್ಬ ಬಿಡಾರದವನೂ ಅಲ್ಲಿಗೇ ಬಂದ.

ಅವನ ಕಥೆಗೆ ಮುಂಚೆ, ಎದುರು ದಿಕ್ಕಿನಿಂದ ಬಂದ ಒಬ್ಬನನ್ನು ನೆನೆಯಬೇಕು. ಟಿಪ್ಪು ಸತ್ತ ಮರುವರ್ಷ, 1800ರ ಏಪ್ರಿಲ್ 23ರಂದು, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮದ್ರಾಸಿನಿಂದ ಹೊರಟ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಒಪ್ಪಿಸಿದ್ದು ಹೊಸದಾಗಿ ಕೈಗೆ ಬಂದ ಸೀಮೆಯ ಬೆಳೆ, ದನ, ಜಾತಿ, ಕಸುಬುಗಳನ್ನೆಲ್ಲ ಬರೆದು ತರುವ ಕೆಲಸ. ಕಾಂಚೀಪುರ, ಆರ್ಕಾಟು, ವೇಲೂರು ದಾಟಿ, ನಾಯಕನೇರಿ ಘಟ್ಟ ಹತ್ತಿ, ವೆಂಕಟಗಿರಿಕೋಟೆಗೆ ಬಂದು, ಅಲ್ಲಿಂದ ನಮ್ಮ ಬೇತಮಂಗಲದ ಮೇಲೆ ಹಾದು ಬೆಂಗಳೂರು ಸೇರಿದ. ಸುಡು ಬೇಸಿಗೆ, ದಿನಕ್ಕಿಷ್ಟೇ ದಾರಿ, ಆಮೇಲೆ ಬಿಡಾರ. 1807ರಲ್ಲಿ ಅಚ್ಚಾದ ಅವನ ಪುಸ್ತಕ ದಿನಚರಿಯ ಹಾಗಿದೆ. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ನಾಡನ್ನೇ ಬರೆದುಬಿಟ್ಟ. ಅವನು ಮನೆ ಬಿಟ್ಟು ಹೊರಟ ಸರ್ಕಾರಿ ಕಣ್ಣು, ನಮ್ಮನ್ನು ಅಳೆಯಲು ಬಂದವನು ಎಂಬುದು ನಿಜ. ಆದರೂ ಮೈಸೂರು ಸೀಮೆಯ ರೈತ ಆ ಕಾಲದಲ್ಲಿ ರಾಗಿಯನ್ನು ಹೇಗೆ ಬಿತ್ತುತ್ತಿದ್ದ ಎಂದು ತಿಳಿಯಬೇಕಾದರೆ ಇವತ್ತಿಗೂ ಅವನ ಪುಟ ತಿರುವಬೇಕು. ನಿಂತು ನೋಡಿದವನಿಗೆ ಮಾತ್ರ ಸಿಗುವ ವಿವರ ಅದು.

ಈಗ ಪರಂಗಿಮಲೈಯ ಎರಡನೇ ಬಿಡಾರ. 1802ರ ಏಪ್ರಿಲ್ 10ರಂದು, ವಿಲಿಯಂ ಲ್ಯಾಂಬ್ಟನ್ ಅಲ್ಲಿ ಸರಪಳಿ ಹಿಡಿದು ನೆಲ ಅಳೆಯಲು ತೊಡಗಿದ. ಗುಡ್ಡದ ಬುಡದಿಂದ ದಕ್ಷಿಣಕ್ಕೆ ಏಳೂವರೆ ಮೈಲಿ. ಅಷ್ಟಕ್ಕೇ 57 ದಿನ ಹಿಡಿಯಿತು. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗಿ ಅಳತೆ ಕೆಡಬಾರದೆಂದು ಅದನ್ನು ಮರದ ತೊಟ್ಟಿಯೊಳಗಿಟ್ಟು, ಮೇಲೆ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಕೆಲಸ ಮಾಡಿದರು. ಭಾರತವನ್ನೆಲ್ಲ ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಗೆರೆ ಅದು. ಲ್ಯಾಂಬ್ಟನ್ನನ ಸಹಾಯಕರಲ್ಲಿ ಒಬ್ಬ, ಅವನದೇ 33ನೇ ರೆಜಿಮೆಂಟಿನ ಜಾನ್ ವಾರನ್, ಮೂಲದಲ್ಲಿ ಫ್ರಾನ್ಸಿನವನು. ಈ ವಾರನ್ ಅದೇ ವರ್ಷ ಮೈಸೂರಿನ ಪೂರ್ವ ಗಡಿ ಗುರುತಿಸಲು ಡೇರೆ ಹೊತ್ತು ನಮ್ಮ ಕಡೆ ಬಂದ.

ಮುಂದಿನದು ನಿಮಗೆ ಗೊತ್ತು. ನೆಲದಲ್ಲಿ ಚಿನ್ನ ಸಿಗುತ್ತದೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಎಂದ. ಊರಿಗಾಂ ಕಡೆಯ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಸಿಕೊಂಡು ಬಂದು ಅವನ ಮುಂದೆಯೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದ ಹಳೆಯ ಗುಂಡಿಗಳಿಗೂ ಹೋಗಿ ಬಂದ. ಅವನು ಬರೆದಿಟ್ಟ ವರದಿಯನ್ನು ದಶಕಗಳ ಮೇಲೆ ಓದಿದ ನಿವೃತ್ತ ಸಿಪಾಯಿ ಲ್ಯಾವೆಲ್ ಎತ್ತಿನ ಗಾಡಿಯಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದು, 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಮುಂದಿನ 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಗೆ ಬಂತು. ಇದಕ್ಕೆಲ್ಲ ಮೊದಲ ಬರಹ, ಕಡಲ ನಗರದಿಂದ ಡೇರೆ ಕಿತ್ತುಕೊಂಡು ಬಂದ ಒಬ್ಬ ಸರ್ವೆಯವನದು. ವಾರನ್ ಮುಂದೆ ಮದ್ರಾಸಿನ ಖಗೋಳ ವೀಕ್ಷಣಾಲಯ ನೋಡಿಕೊಂಡ, ನಮ್ಮ ಪಂಚಾಂಗಗಳ ಲೆಕ್ಕದ ಮೇಲೆ 'ಕಾಲಸಂಕಲಿತ' ಎಂಬ ದೊಡ್ಡ ಗ್ರಂಥ ಬರೆದ, 1830ರಲ್ಲಿ ಇನ್ನೊಂದು ಕಡಲ ನಗರ ಪುದುಚೇರಿಯಲ್ಲಿ ತೀರಿಕೊಂಡ. ಕೆಜಿಎಫ್‌ನ ಮಕ್ಕಳು ಮದ್ರಾಸಿಗೆ ಹೋದಾಗ ಮೃಗಾಲಯ ನೋಡುತ್ತಾರೆ, ಸ್ನೇಕ್ ಪಾರ್ಕು ನೋಡುತ್ತಾರೆ. ಪರಂಗಿಮಲೈಯ ಮೆಟ್ಟಿಲು ಹತ್ತುವವರನ್ನು ನಾನು ಕಂಡಿಲ್ಲ. ನಮ್ಮ ಊರಿನ ಕಥೆಯ ಒಂದು ತುದಿ ಆ ಗುಡ್ಡದ ಮೇಲಿದೆ. ಮುಂದಿನ ಸಲ ಹೋಗುವ ಮೇಷ್ಟ್ರುಗಳು ದಯವಿಟ್ಟು ಗಾಡಿ ಅತ್ತ ತಿರುಗಿಸಿ.

ರೈಲಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1864ರಲ್ಲಿ ಬೆಂಗಳೂರು–ಜೋಲಾರ್‌ಪೇಟೆ ಹಳಿ ಬಿತ್ತು, ನಮ್ಮ ಬಂಗಾರಪೇಟೆ ಕಮಿಷನರ್ ಬೌರಿಂಗನ ಹೆಸರು ಹೊತ್ತು ಬೌರಿಂಗ್‌ಪೇಟೆಯಾಯಿತು. ಗಣಿಗೆ ಕವಲು ಹಳಿ ಹೋದದ್ದು 1894ರಲ್ಲಿ. ಕಲ್ಲಿದ್ದಲಿಗೂ ಯಂತ್ರಕ್ಕೂ ಹಾಕಿದ ಹಳಿಯ ಮೇಲೆ ಜನರೂ ಹತ್ತಿ ಕೂತರು, ಅಷ್ಟೆ. ರೈಲು ಪ್ರಯಾಣವನ್ನು ಸುಲಭ ಮಾಡಿತು; ದಾರಿಯ ನಡುವಣ ತಂಗುವಿಕೆಯನ್ನು ಇಲ್ಲವಾಗಿಸಿತು. ತಂಗುವ ಸಮಸ್ಯೆಯೆಲ್ಲ ಕೊನೆಯ ನಿಲ್ದಾಣವಾದ ಮದ್ರಾಸಿಗೆ ಹೋಗಿ ಬಿತ್ತು.

ಅದನ್ನು ಆ ನಗರ ಒಂದು ಕಾಲದಲ್ಲಿ ಅರ್ಥ ಮಾಡಿಕೊಂಡಿತ್ತು. ಮದ್ರಾಸು ವಿಚಿತ್ರ ಊರು. 1639ರಲ್ಲಿ ಇಂಗ್ಲಿಷರು ಪಡೆದದ್ದು ಬಂದರೇ ಇಲ್ಲದ ಒಂದು ಮರಳ ಪಟ್ಟಿ. ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು. ಮೊಳೆ ಇಲ್ಲದೆ ತೆಂಗಿನ ಹುರಿಯಿಂದ ಹಲಗೆ ಹೊಲಿದ ಮಸೂಲಾ ದೋಣಿಗಳು ಅಲೆಯ ಹೊಡೆತ ತಾಳಿಕೊಂಡು ಜನರನ್ನೂ ಸರಕನ್ನೂ ದಡಕ್ಕೆ ತರಬೇಕು. 19ನೇ ಶತಮಾನದ ಕೊನೆಯ ಭಾಗದವರೆಗೂ ಇದೇ ಕಥೆ. ಹಡಗಿಗೆ ನೆಲೆ ಕೊಡದ ಊರು, ನಡೆದು ಬಂದವನಿಗೆ ಮಾತ್ರ ನೆಲೆ ಕೊಟ್ಟಿತು. 1782ರ ಬರದಲ್ಲಿ ಗಂಜಿ ಕೊಡಲು ತೆರೆದ ಮಣಿಯಗಾರ ಛತ್ರವೇ ಮುಂದೆ ಆಸ್ಪತ್ರೆಯಾಗಿ ಬೆಳೆಯಿತು. ಆ ಬರಕ್ಕೆ ಅರ್ಧ ಕಾರಣ ನಮ್ಮ ಹೈದರನ ಕುದುರೆಗಳು ತುಳಿದ ಹೊಲಗಳು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಸೆಂಟ್ರಲ್ ನಿಲ್ದಾಣದ ಎದುರಿಗೆ ಸವಲೈ ರಾಮಸ್ವಾಮಿ ಮೊದಲಿಯಾರರು ರೈಲಿಳಿದ ಬಡ ಪ್ರಯಾಣಿಕರಿಗೆಂದು ಛತ್ರ ಕಟ್ಟಿಸಿದರು. ಮೂಟೆ ಹೊತ್ತು ಇಳಿದವನು ರಸ್ತೆ ದಾಟಿದರೆ ಸಾಕು, ತಲೆಯ ಮೇಲೆ ಸೂರು.

ನಮ್ಮ ಸೀಮೆಯಲ್ಲೂ ಈ ಬುದ್ಧಿ ಇತ್ತು. ಕೆರೆ ಕಟ್ಟಿಸಿದ್ದು, ಅರವಟ್ಟಿಗೆ ಇಟ್ಟದ್ದು, ಛತ್ರಕ್ಕೆ ಹೊಲ ಬಿಟ್ಟದ್ದು ನಮ್ಮ ಶಾಸನಗಳ ತುಂಬ ಇದೆ. ಹಳೆಯ ದಾರಿಗಳ ಪಕ್ಕದಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿರುವುದನ್ನು ನೀವು ನೋಡಿರುತ್ತೀರಿ. ತಲೆಹೊರೆಯವನು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಲು, ಮತ್ತೆ ತಲೆಗೇರಿಸಲು ಅದು. ಕಲ್ಲಿನ ಎತ್ತರ ಸರಿಯಾಗಿ ಆಳಿನ ಭುಜಕ್ಕಿರುತ್ತದೆ. ಹೊರುವವನ ಮೈ ಅಳೆದು ಮಾಡಿದ ಕಟ್ಟಡ ಅದಕ್ಕಿಂತ ಚಿಕ್ಕದು, ಅದಕ್ಕಿಂತ ಸರಿಯಾದದ್ದು ಇನ್ನೊಂದು ನನಗೆ ಗೊತ್ತಿಲ್ಲ.

ಈಗಿನ ದಾರಿ ಹಿಡಿಯೋಣ. ಕೆಜಿಎಫ್‌ನಿಂದ ಕಡಲಿಗೆ ಹೋಗುವವರಿಗೆ ಹಳೆಯ ಜೊತೆಗಾತಿ ಒಬ್ಬಳಿದ್ದಾಳೆ, ಪಾಲಾರ್. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ನಮ್ಮಲ್ಲಿ 93 ಕಿಲೋಮೀಟರ್, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222 ಹರಿದು ಕಡಲು ಸೇರುತ್ತಾಳೆ. ಹರಿದು ಎಂದೆ, ಮಳೆ ಬಂದ ವರ್ಷ ಹರಿಯುತ್ತಾಳೆ. ಇವಳನ್ನು ಬೇತಮಂಗಲದಲ್ಲಿ ಕೆರೆ ಕಟ್ಟಿ ನಿಲ್ಲಿಸಿದ್ದು ಸಾವಿರ ವರ್ಷಕ್ಕೂ ಹಿಂದೆ. ಆ ನೀರೇ ಕೊಳವೆಯಲ್ಲಿ ಬಂದು ಚಿನ್ನದ ಗಣಿಯ ಊರಿಗೆ ಕುಡಿಯುವ ನೀರಾಯಿತು. ಮೇಲಿನವರು ಎಷ್ಟು ಕಟ್ಟಬಹುದು, ಕೆಳಗಿನವರಿಗೆ ಎಷ್ಟು ಬಿಡಬೇಕು ಎಂದು 1892ರಲ್ಲಿ ಮದ್ರಾಸೂ ಮೈಸೂರೂ ಮಾಡಿಕೊಂಡ ಒಪ್ಪಂದದಲ್ಲಿ ಇವಳ ಹೆಸರೂ ಇದೆ.

ಬೇತಮಂಗಲ ದಾಟಿ ವಿ.ಕೋಟೆ ಎಂಬ ವೆಂಕಟಗಿರಿಕೋಟೆ, ಅಲ್ಲಿಂದ ಘಟ್ಟ ಇಳಿದರೆ ಪೇರ್ಣಾಂಬಟ್ಟು. ಇಳಿಯುತ್ತಿದ್ದ ಹಾಗೆ ಗಾಳಿ ಬದಲಾಗುತ್ತದೆ; ಕಿಟಕಿಯಿಂದ ಒಳಗೆ ಬರುವುದು ಬಾಣಲೆಯ ಕಾವು. ಮೇ ತಿಂಗಳಲ್ಲಿ ತಮಿಳರು ಅಗ್ನಿ ನಕ್ಷತ್ರ ಎನ್ನುವ ಆ ಮೂರು ವಾರ, ವೇಲೂರು ಬಯಲು ನಾಲ್ಕು ಗಂಟೆಯಾದರೂ ಕಣ್ಣು ಬಿಡಲು ಬಿಡದು. ತಿಳಿದ ಮುಂದಾಳುಗಳು ರಾತ್ರಿ ಎರಡಕ್ಕೆ ಹೊರಟು ಹೊತ್ತು ಏರುವುದರೊಳಗೆ ಕಾಂಚೀಪುರ ಮುಟ್ಟುತ್ತಾರೆ. ವಾಣಿಯಂಬಾಡಿ, ಆಂಬೂರು ಕಡೆ ಹೋದರೆ ಮೂಗಿಗೆ ಮೊದಲು ಬಡಿಯುವುದು ಬಿರಿಯಾನಿ ಎಂದು ಹುಡುಗರು ಅಂದುಕೊಳ್ಳುತ್ತಾರೆ. ಅದಕ್ಕೂ ಮುಂಚೆ ತೊಗಲು ಹದ ಮಾಡುವ ವಾಸನೆ. ಅಲ್ಲಿನ ಚರ್ಮೋದ್ಯಮದ ಕೊಳೆ ನೀರು ಪಾಲಾರಿಗೆ ಬಿದ್ದು ಬಾವಿಗಳು ಕೆಟ್ಟ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಕೆಡಿಸಿದವನೇ ಬೆಲೆ ತೆರಬೇಕೆಂಬ ನಿಯಮವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಗಣಿಯ ಸೈನೈಡ್ ದಿಬ್ಬಗಳ ಧೂಳು ಕುಡಿದು ಬದುಕಿದ ನಾವು ಆ ತೀರ್ಪನ್ನು ಇನ್ನೂ ಸರಿಯಾಗಿ ಓದಿಕೊಂಡಿಲ್ಲ. ಅದು ಬೇರೆ ಉಪನ್ಯಾಸಕ್ಕೆ ಇರಲಿ.

ಕಾಂಚಿಯಲ್ಲಿ ಸೀರೆ ಅಂಗಡಿಗೆ ನುಗ್ಗುವ ಮುಂಚೆ ಕೈಲಾಸನಾಥ ಗುಡಿಗೆ ಹೋಗಬೇಕು. ಬಾದಾಮಿಯ ಎರಡನೇ ವಿಕ್ರಮಾದಿತ್ಯ 8ನೇ ಶತಮಾನದಲ್ಲಿ ಪಲ್ಲವರ ಈ ರಾಜಧಾನಿ ಗೆದ್ದು, ಗುಡಿಯ ಐಶ್ವರ್ಯ ಕಂಡು, ಮುಟ್ಟದೆ ದೇವರಿಗೇ ಬಿಟ್ಟೆ ಎಂದು ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾನೆ. ತಮಿಳರ ಊರಿನ ನಡುವೆ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟದೆ ಕಣ್ಣಿನಿಂದ ಮುಟ್ಟಿ ಬನ್ನಿ. ಅಲ್ಲಿಂದ ಚೆಂಗಲ್‌ಪಟ್ಟು, ಆಮೇಲೆ ಮಾಮಲ್ಲಪುರ. ಪಂಚರಥಗಳು, ಕಡಲ ತಡಿಯ ಗುಡಿ, ಅರ್ಜುನನ ತಪಸ್ಸಿನ ಬಂಡೆ, ಇವೆಲ್ಲ 1984ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಇಳಿಜಾರಿನಲ್ಲಿ ನಿಂತಿರುವ ಕೃಷ್ಣನ ಬೆಣ್ಣೆಮುದ್ದೆ ಎಂಬ ಗುಂಡನ್ನು ತಳ್ಳುವಂತೆ ನಿಂತು ದೇಶವಿದೇಶದವರು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮವರಿಗೆ ಅದು ಹಿಡಿಸುವುದಿಲ್ಲ. "ಅಂತರಗಂಗೆಗೆ ಹೋದ್ರೆ ಇಂಥವು ಸಾವಿರ ಸಿಗ್ತವೆ, ಯಾರೂ ಟಿಕೆಟ್ ಕೇಳಲ್ಲ" ಎಂದ ಒಬ್ಬ ಅಜ್ಜಿಯ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಡಚ್ಚರ ಕೋಟೆಯ ಸದ್ರಾಸ್, ಕಲ್ಪಾಕ್ಕಂ, ಅದರ ಆಚೆ ವಯಲೂರಿನ ಹತ್ತಿರ ಪಾಲಾರಿನ ಕೊನೆ. ಬೇತಮಂಗಲದ ಕೋಡಿಯಲ್ಲಿ ಕಂಡ ನದಿ ಅಲ್ಲಿ ಅಗಲವಾದ ಮರಳು. ಮಾಮಲ್ಲಪುರದಿಂದ ಉತ್ತರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಚೆನ್ನೈ.

ಇಷ್ಟು ಸಂಪತ್ತಿರುವ ದಾರಿಯಲ್ಲಿ ನಮ್ಮ ಟೆಂಪೋಗೆ ಎದುರಾಗುವ ಪ್ರಶ್ನೆ ಮಾತ್ರ ಬಹಳ ಸಣ್ಣದು. ಗಾಡಿ ಎಲ್ಲಿ ನಿಲ್ಲಿಸುವುದು? ಗುಡಿಯ ಹತ್ತಿರದ ಪಾರ್ಕಿಂಗಿನಲ್ಲಿ ಒಲೆ ಹಚ್ಚುವಂತಿಲ್ಲ. ದಂಡೆಯಲ್ಲಿ ರಾತ್ರಿ ಮಲಗುವಂತಿಲ್ಲ. ಇವೆರಡೂ ತಪ್ಪು ಎಂದು ನಾನು ಹೇಳಲಾರೆ. ಪುರಾತನ ಕಲ್ಲಿನ ಪಕ್ಕ ಸಿಲಿಂಡರು ಇಡಬಾರದು, ಕಸ ಬಿಟ್ಟು ಬರುವವರೂ ನಮ್ಮಲ್ಲಿ ಇದ್ದಾರೆ. ಆದರೆ ಇಲ್ಲಿ ಬೇಡ ಎನ್ನುವವನು ಅಲ್ಲಿ ಹೋಗಿ ಎಂದು ಕೈ ತೋರಿಸಬೇಕಲ್ಲ? ಆ ಕೈ ಈಗ ಯಾವ ಊರಿನಲ್ಲೂ ಏಳುವುದಿಲ್ಲ. ಒಮ್ಮೆ ನಾವು ಹೋಗಿದ್ದ ಗುಂಪಿನಲ್ಲಿ ಹೆಂಗಸರು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ನೀರು ಕುಡಿಯಲೇ ಇಲ್ಲ. ಅಗ್ನಿ ನಕ್ಷತ್ರದ ಬಿಸಿಲು, ಕ್ಯಾನಿನಲ್ಲಿ ನೀರಿತ್ತು. ಬೇಡ ಅಂದದ್ದು ಏಕೆಂದು ಗಂಡಸರಿಗೆ ತಿಳಿದದ್ದು, ಒಬ್ಬಾಕೆ ತಲೆ ಸುತ್ತಿ ಕೂತ ಮೇಲೆ. ದಾರಿಯುದ್ದಕ್ಕೂ ಬಾಗಿಲು ಹಾಕುವಂಥ ಒಂದು ಶೌಚಾಲಯ ಸಿಕ್ಕಿರಲಿಲ್ಲ.

ಈ ಹೊತ್ತಿನಲ್ಲಿ ಹೊಸ ದಾರಿ ಬಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ: 262 ಕಿಲೋಮೀಟರ್, 2022ರ ಮೇ 26ರಂದು ಪ್ರಧಾನಿ ಅಡಿಗಲ್ಲು ಹಾಕಿದಾಗ ಹೇಳಿದ ಅಂದಾಜು 14,870 ಕೋಟಿ ರೂಪಾಯಿ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಮೈದಾನ ಸೀಳಿಕೊಂಡು ಬಂದ ನಮ್ಮ ಕಡೆಯ ಸುಮಾರು 70 ಕಿಲೋಮೀಟರ್ 2024ರ ಕೊನೆಗೆ ಓಡಾಟಕ್ಕೆ ತೆರೆದುಕೊಂಡಿತು. ಬೈಕಿಗೂ ಆಟೋಗೂ ಅದರಲ್ಲಿ ಜಾಗವಿಲ್ಲ. ರೈತ ತನ್ನ ಹೊಲದಿಂದ ತನ್ನದೇ ಇನ್ನೊಂದು ಹೊಲಕ್ಕೆ ಹೋಗಲು ಸುತ್ತು ಹಾಕಬೇಕು. ಅದೂ ಇನ್ನೊಂದು ಉಪನ್ಯಾಸ. ನಾನು ಕೇಳುವುದು ಬೇರೆ. ರಸ್ತೆ ಎಂದರೆ ನಿಲ್ಲದೆ ಹೋಗುವುದು ಎಂದೇ ತಿಳಿದವರು ಕಟ್ಟಿದ ರಸ್ತೆ ಇದು. ಅದರ ಪಕ್ಕ ಸೌಲಭ್ಯ ಎಂದು ಬರುವುದು ಇನ್ನೂರು ರೂಪಾಯಿಯ ದೋಸೆ ಕೊಟ್ಟು ಶೌಚಾಲಯ ತೋರಿಸುವ ಫುಡ್ ಕೋರ್ಟು. ತನ್ನ ಬುತ್ತಿ ತಾನೇ ತಂದವನಿಗೆ ಅಲ್ಲಿ ಕೂರುವ ಹಕ್ಕಿದೆಯೇ? ಛತ್ರ ಕಟ್ಟಿದವರು ಬಂದವನ ಜೇಬು ನೋಡಲಿಲ್ಲ. ನಾವು 262 ಕಿಲೋಮೀಟರ್ ಉದ್ದಕ್ಕೂ ಜೇಬು ನೋಡುತ್ತೇವೆ.

ಆ ದಾರಿಯಲ್ಲಿ ಎದುರು ದಿಕ್ಕಿನಿಂದಲೂ ಜನ ಬರುತ್ತಾರೆ ಎಂಬುದನ್ನು ಮರೆಯಬಾರದು. ಚೆನ್ನೈನ ಬೇಸಿಗೆಗೆ ಬೆಂದವರು ಬೆಟ್ಟ ಹತ್ತಿ ಬರುತ್ತಾರೆ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಈಗಲೇ ತಮಿಳುನಾಡಿನ ಬಸ್ಸುಗಳು ಬರುತ್ತಿವೆ. 108 ಅಡಿಯ ಲಿಂಗದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಸಂಜೆ ಬಂಗಾರಪೇಟೆಯಲ್ಲಿ ತಿಳಿನೀರಿನ ಪಾನಿಪೂರಿ ತಿಂದು ಹೋಗುತ್ತಾರೆ. ಆ ಬಣ್ಣವಿಲ್ಲದ ನೀರಿನಲ್ಲಿ ಅಷ್ಟು ಖಾರ ಎಲ್ಲಿಂದ ಬಂತೆಂದು ಅವರು ಕೇಳುವುದೂ ನಮ್ಮವರು ಹೇಳದೆ ನಗುವುದೂ ನಡೆದೇ ಇದೆ. ಅವರ ಗಾಡಿಯ ಹಿಂದೆಯೂ ಸ್ಟವ್ ಇರುತ್ತದೆ, ಪಾತ್ರೆ ಇರುತ್ತದೆ, ಚಾಪೆ ಇರುತ್ತದೆ. ಅವರ ಹೆಂಗಸರೂ ನೀರು ಕುಡಿಯದೆ ಬರುತ್ತಾರೆ. ಕಡಲ ಊರು ನಮಗೆ ಜಾಗ ಕೊಡಲಿಲ್ಲ ಎಂದು ದೂರುವ ಮುಂಚೆ ನಾವು ಅವರಿಗೆ ಏನು ಕೊಟ್ಟಿದ್ದೇವೆ ನೋಡಿಕೊಳ್ಳೋಣ.

ಅದಕ್ಕೆ ಒಂದು ಅರ್ಜಿ ಬರೆದು ತಂದಿದ್ದೇನೆ. ಬೇತಮಂಗಲದ ಹತ್ತಿರ, ಎಕ್ಸ್‌ಪ್ರೆಸ್ ವೇಯಿಂದ ಇಳಿದು ಬರುವವರಿಗೆ ಸಿಗುವಂತೆ, ಒಂದು ತಂಗುದಾಣ ಬೇಕೆಂಬ ಅರ್ಜಿ. ಕೇಳಿರುವುದು ನಾಲ್ಕೇ: ಸಿಹಿನೀರಿನ ನಲ್ಲಿ, ಒಳಗಿನಿಂದ ಚಿಲಕ ಬೀಳುವ, ರಾತ್ರಿ ದೀಪ ಉರಿಯುವ ಶೌಚಾಲಯ, ಗಾಳಿಗೆ ಗೋಡೆ ಅಡ್ಡವಿರುವ, ಸೊಂಟದ ಎತ್ತರಕ್ಕೆ ಕಟ್ಟಿದ ಒಲೆಕಟ್ಟೆಯ ಮೇಲೊಂದು ಶೀಟಿನ ಸೂರು, ಕಸಕ್ಕೆ ದಿನಾ ಖಾಲಿ ಮಾಡುವ ತೊಟ್ಟಿ. ಕಟ್ಟೆ ಸೊಂಟದ ಎತ್ತರಕ್ಕೆ ಎಂದು ಬೇಕೆಂತಲೇ ಬರೆದಿದ್ದೇನೆ. ನಿಂತು ಮಾಡುವ ಅಡುಗೆಗೆ ಗಂಡಸರೂ ಬಂದಾರು ಎಂಬ ಆಸೆ. ಫಲಕ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಇರಲಿ ಎಂದು ಕೇಳಿದ್ದೇನೆ. ಬಾಡಿಗೆ ಇಲ್ಲ, ನೋಡಿಕೊಳ್ಳುವವರ ಸಂಬಳ ಎಲ್ಲಿಂದ ಎಂಬುದಕ್ಕೆ ಎರಡು ದಾರಿ ಸೂಚಿಸಿದ್ದೇನೆ, ಮೂರನೆಯದು ನಿಮಗೆ ಹೊಳೆದರೆ ಸೇರಿಸಿ. ಪ್ರತಿಗಳು ಹೊರಗಿನ ಮೇಜಿನ ಮೇಲೆ, ಕಾಫಿ ಫ್ಲಾಸ್ಕಿನ ಪಕ್ಕದಲ್ಲಿವೆ. ಓದಿ ಒಪ್ಪಿಗೆಯಾದವರು ಸಹಿ ಹಾಕಿ. ಆಗದವರು ಏಕೆಂದು ಅಂಚಿನಲ್ಲಿ ಬರೆಯಿರಿ. ಮುಂದಿನ ಸಾಲಿನಲ್ಲಿರುವ ನನ್ನ ಸ್ನೇಹಿತರು ಮೊದಲು ಎದ್ದರೆ ಒಳ್ಳೆಯದು. ಸೋಮವಾರ ಇದನ್ನು ಪಂಚಾಯಿತಿಗೆ ತಲುಪಿಸಬೇಕು.